ಕೊನೆಯ ದೃಶ್ಯದವರೆಗೆ ಕೂರಿಸುವ ತಟ್ಟೆಯಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂರಂತಸ್ತಿನ ಹಳೆಯ ಕಟ್ಟಡದ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ತುಟಿಯಲ್ಲಿ ಎರಡು ನಟ್ಟು ಕಚ್ಚಿಕೊಂಡು ನಿಂತಿದ್ದಾರೆ. ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದರಲ್ಲಿ ಅಲ್ಯುಮಿನಿಯಂ ಕಡ್ಡಿಗಳ ಏರಿಯಲ್. ಕಣ್ಣು ಮಾತ್ರ ಎರಡರ ಮೇಲೂ ಇಲ್ಲ. ಊರಾಚೆಯ ಗುಡ್ಡದ ನೆತ್ತಿಯಲ್ಲಿ ಟೀವಿ ಪ್ರಸಾರದ ಟವರ್ ಇದೆ. ಅದರ ತುದಿಯ ಕೆಂಪು ದೀಪ ಇನ್ನೂ ಮಿನುಗುತ್ತಿದೆ. ಅವರು ಒಂದು ಕಣ್ಣು ಮುಚ್ಚಿ ಏರಿಯಲ್ಲನ್ನು ಆ ದೀಪಕ್ಕೆ ನೇರ ಹಿಡಿಯುತ್ತಾರೆ. ಉಸಿರು ಬಿಗಿಹಿಡಿದು, ಬಾಯಿಂದ ಒಂದೊಂದೇ ನಟ್ಟು ತೆಗೆದು ತಿರುಪುತ್ತಾರೆ.

"ಆ ದೀಪ ಆರೋದ್ರೊಳಗೆ ಮುಗಿಸ್ಬೇಕು," ಎನ್ನುತ್ತಾರೆ, ಬಾಯಿ ಖಾಲಿಯಾದ ಮೇಲೆ. "ಬಿಸಿಲೇರಿದ್ರೆ ಟವರ್ರೇ ಕಾಣಲ್ಲ, ಧೂಳಲ್ಲಿ ಮುಚ್ಚಿಹೋಗುತ್ತೆ. ಆಮೇಲೆ ಅಂದಾಜಿನ ಮೇಲೆ ತಿರುಗಿಸ್ತಾ ಕೂರ್ಬೇಕು. ನಾನು ಮೇಲಿಂದ 'ಬಂತಾ?' ಅನ್ನೋದು, ಕೆಳಗಿಂದ ಅವರು 'ಬಂತು, ಬಂತು, ಅಯ್ಯೋ ಹೋಯ್ತು' ಅನ್ನೋದು. ಇಡೀ ಬೀದಿಗೆ ಬಿಟ್ಟಿ ಮನರಂಜನೆ."

ಪಕ್ಕದಲ್ಲೇ, ಈಗಷ್ಟೇ ಬಿಚ್ಚಿಟ್ಟ ಡಿಶ್ ಬೋರಲು ಬಿದ್ದಿದೆ. ಈ ಓಣಿಗಳಲ್ಲಿ ಅದಕ್ಕೆ ತಟ್ಟೆ ಎಂದೇ ಹೆಸರು. ಅದನ್ನು ಮನೆ ಮನೆಯ ಮೇಲಿಂದ ಇಳಿಸುವ ಈ ಹೆಂಗಸಿಗೆ ಊರು ಇಟ್ಟ ಹೆಸರು ತಟ್ಟೆಯಕ್ಕ. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಾರೆ. ಅವರು ಅದನ್ನು ಒಂದು ಬಿರುದಿನ ಹಾಗೆ ಇಟ್ಟುಕೊಂಡಿದ್ದಾರೆ.

ಎರಡನೆಯ ಮಹಡಿಯಲ್ಲಿ ಇಸ್ತ್ರಿ ಅಂಗಡಿಯ ದಂಪತಿಯ ಮನೆ. ತಿಂಗಳು ತಿಂಗಳೂ ಏರುತ್ತಾ ಹೋದ ಸಿನಿಮಾ ಪ್ಯಾಕೇಜು ಅವರ ಕೈಮೀರಿದೆ. ಗಂಡ ಹೆಂಡತಿ ಯೋಚಿಸಿ ತಟ್ಟೆಯಕ್ಕನಿಗೆ ಹೇಳಿ ಕಳಿಸಿದ್ದಾರೆ. ಆದರೆ ಮನೆಯ ಹಿರಿಯರು, ಅಂದರೆ ಗಂಡನ ತಾಯಿ, ನಿನ್ನೆಯಿಂದ ಮುಖ ಊದಿಸಿಕೊಂಡು ಕೂತಿದ್ದಾರೆ. ಮೊಣಕಾಲಿನ ನೋವಿನಿಂದ ಮನೆಬಿಟ್ಟು ಕದಲದ ಅಜ್ಜಿಗೆ ಹೊರಗಿನ ಲೋಕವೆಂದರೆ ಆ ಟೀವಿಯೇ.

"ನನ್ನ ಸಿನಿಮಾ ಕಿತ್ಕೊಂಡು ಹೋಗೋಕೆ ಬಂದ್ಯೇನಮ್ಮ?" ಎಂದು ಅಜ್ಜಿ ಬಾಗಿಲಲ್ಲೇ ತಡೆಯುತ್ತಾರೆ.

"ಇಲ್ಲಜ್ಜಿ, ನಿಮ್ಮ ರಿಮೋಟ್ ನೋಡೋಕೆ ಬಂದೆ. ಕೊಡಿ ಇಲ್ಲಿ."

ಇದು ತಟ್ಟೆಯಕ್ಕನ ರೀತಿ. ಯಾವ ಮನೆಗೆ ಹೋದರೂ ಮೊದಲು ಕೇಳುವುದು ರಿಮೋಟನ್ನು. ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಒಂದೊಂದೇ ಗುಂಡಿ ಸವರಿ ನೋಡುತ್ತಾರೆ. ಯಾವ ಗುಂಡಿಯ ಅಂಕಿ ಅಳಿಸಿದೆ, ಯಾವುದು ಹೊಸದರಂತೆ ಹೊಳೆಯುತ್ತಿದೆ ಎನ್ನುವುದು ಅವರಿಗೆ ಸಾಕು. ಮನೆಯವರು ಬಾಯಲ್ಲಿ ಹೇಳುವುದನ್ನು ಅವರು ಅಷ್ಟಾಗಿ ನಂಬುವುದಿಲ್ಲ. "ಕೇಳಿದ್ರೆ ಎಲ್ಲರೂ ನ್ಯೂಸ್ ನೋಡ್ತೀವಿ ಅಂತಾರೆ," ಎಂದು ನಗುತ್ತಾರೆ.

"ಅಜ್ಜಿ, ನಿಮ್ಮ ಬೆರಳು ಹೋಗಿರೋದು ಹಳೇ ಹಾಡಿನ ಚಾನೆಲ್ಲಿಗೆ, ಇನ್ನೊಂದು ಧಾರಾವಾಹಿಗೆ. ಎರಡೂ ಏರಿಯಲ್ಲಲ್ಲೇ ಬರುತ್ತೆ, ಕಾಸು ಕೊಡ್ಬೇಕಿಲ್ಲ. ದುಡ್ಡು ಕೊಟ್ಟು ಹಾಕಿಸ್ಕೊಂಡಿದೀರಲ್ಲ ಸಿನಿಮಾ ಚಾನೆಲ್ಲು, ಅದರ ಗುಂಡಿ ನೋಡಿ, ಮದುಮಗಳ ಹಾಗೆ ಮಿಂಚ್ತಾ ಇದೆ. ಯಾರೂ ಮುಟ್ಟೇ ಇಲ್ಲ."

ಅಜ್ಜಿ ಕಣ್ಣು ಕಿರಿದು ಮಾಡಿ ರಿಮೋಟನ್ನೂ ಅವರ ಮುಖವನ್ನೂ ನೋಡುತ್ತಾರೆ. ಸೊಸೆ ಸೆರಗಿನ ಮರೆಯಲ್ಲಿ ನಗು ನುಂಗುತ್ತಾಳೆ.

"ಇನ್ನೊಂದು ಮಾತು," ಎನ್ನುತ್ತಾರೆ ತಟ್ಟೆಯಕ್ಕ, ದನಿ ತಗ್ಗಿಸಿ. "ಶಬ್ದ ಜಾಸ್ತಿ ಮಾಡೋ ಗುಂಡಿ ಪೂರ್ತಿ ಗುಳಿ ಬಿದ್ದಿದೆ. ಒಂದ್ಸಲ ಕಿವಿ ತೋರಿಸ್ಕೊಂಡು ಬನ್ನಿ ಅಜ್ಜಿ."

ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಡಿವಿಡಿ ಪ್ಲೇಯರು ಕೆಳಗಿಳಿಯುತ್ತದೆ. ತಟ್ಟೆಯಕ್ಕ ಊದಿ ಧೂಳು ಹಾರಿಸಿ, ಒಳಗಿನ ಗಾಜಿನ ಕಣ್ಣನ್ನು ಹತ್ತಿಯಿಂದ ಒರೆಸಿ ತಂತಿ ಸಿಕ್ಕಿಸುತ್ತಾರೆ. ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸಿನಿಮಾ ಡಿಸ್ಕುಗಳ ಎರಡು ಬೀರುಗಳಿವೆ, ಸದಸ್ಯರಾದರೆ ಪುಸ್ತಕದಂತೆ ಮನೆಗೆ ತರಬಹುದು. ಇದು ಊರಿನ ಮುಕ್ಕಾಲು ಪಾಲು ಜನಕ್ಕೆ ಗೊತ್ತಿಲ್ಲ. ಅದನ್ನು ಸೊಸೆಗೆ ಹೇಳಿ, ಮಾದರಿಗೆಂದು ತಂದ ಒಂದು ಡಿಸ್ಕನ್ನು ಹಾಕಿ ತೋರಿಸಿ, ಚಹಾ ಮುಗಿಸುವ ಹೊತ್ತಿಗೆ ಅಜ್ಜಿಯ ಕಾಲು ತಟ್ಟೆಯಕ್ಕನ ತೊಡೆಯ ಮೇಲಿದೆ, ಮೊಣಕಾಲಿನ ಕಥೆ ಶುರುವಾಗಿದೆ.

ಇಷ್ಟು ನೋಡಿದ ಮೇಲೆ, ಇವರಿಗೆ ಇದೆಲ್ಲ ಎಲ್ಲಿಂದ ಬಂತು ಎಂದು ಕೇಳದೆ ಇರಲಾಗುವುದಿಲ್ಲ. ಉತ್ತರ ಸ್ವಲ್ಪ ತಮಾಷೆಯದು. ಈ ತಟ್ಟೆಗಳನ್ನು ಮೊದಲು ಏರಿಸಿದವರೂ ಇವರೇ. ಗಂಡನ ಕಾರ್ಖಾನೆ ಮುಚ್ಚಿದ ವರ್ಷ, ಮಗಳಿನ್ನೂ ಶಾಲೆಯಲ್ಲಿದ್ದಾಗ, ಡಿಶ್ ಹಾಕುವ ಗುತ್ತಿಗೆದಾರನೊಬ್ಬನ ಬಳಿ ಬಾಕ್ಸು ಹೊರುವ ಕೆಲಸಕ್ಕೆ ಸೇರಿದರು. ಒಂದು ದಿನ ಏಣಿ ಹತ್ತಬೇಕಾದವನು ಕೈಕೊಟ್ಟ. ಸೀರೆಯನ್ನು ಎತ್ತಿ ಕಟ್ಟಿ ಇವರೇ ಹತ್ತಿದರು. ಕೆಳಗೆ ನಿಂತವರು ಮೂಗಿನ ಮೇಲೆ ಬೆರಳಿಟ್ಟರು. ಅಂದಿನಿಂದ ಏಣಿ ಇವರದ್ದೇ ಆಯಿತು, ಸೀರೆಯ ಜಾಗಕ್ಕೆ ಗಂಡನ ಹಳೆಯ ಪ್ಯಾಂಟು ಬಂತು.

"ಬೀದಿ ಬೀದಿಗೆ ನಾನೇ ಹಾಕಿದ್ದು," ಎನ್ನುತ್ತಾರೆ. "ಆಗ ಅಗ್ಗ ಇತ್ತು, ಜನಕ್ಕೂ ಖುಷಿ. ಬರ್ತಾ ಬರ್ತಾ ಪ್ಯಾಕೇಜು ಏರ್ತಾ ಹೋಯ್ತು. ಕಂಪನಿಯವರು ಎಲ್ಲೋ ದೂರದಲ್ಲಿ ಫೋನ್ ಎತ್ತಲ್ಲ. ಸಂತೆಗೆ ಹೋದ್ರೆ, ಬಸ್ಸು ಹತ್ತಿದ್ರೆ, ಬೈಸ್ಕೊಳ್ಳೋದು ನಾನು. 'ಏನಕ್ಕಾ, ಹಾಕೋವಾಗ ಹಾಗಂದೆ, ಈಗ ನೋಡಿದ್ರೆ ಹೀಗೆ' ಅಂತ. ಸರಿ, ಏರಿಸಿದ ಕೈಯೇ ಇಳಿಸ್ಲಿ ಅಂತ ಹೊರಟೆ."

ಬೆಳಗಿನ ಹೊತ್ತಿಗೆ ಒಂದೆರಡು ಮನೆ, ಒಮ್ಮೊಮ್ಮೆ ಮೂರು. ಕೂಲಿ ಕೊಡುವವರು ಕೊಡುತ್ತಾರೆ, ಕೊಡಲಾಗದವರು ಅಟ್ಟದಲ್ಲಿ ಬಿದ್ದ ಹಳೆಯ ಪ್ಲೇಯರನ್ನೋ ಡಿಸ್ಕುಗಳ ಡಬ್ಬವನ್ನೋ ಕೊಡುತ್ತಾರೆ. ಅವರ ಮನೆಯ ಮುಂದಿನ ಕೋಣೆಯಲ್ಲಿ ಅಂಥ ಪೆಟ್ಟಿಗೆಗಳು ಚಾವಣಿ ಮುಟ್ಟಿವೆ. ಗಂಡನಿಗೆ ಕುರ್ಚಿ ಹಾಕಲು ಜಾಗವಿಲ್ಲ. ಅವರು ಹೊರಗಿನ ಮೆಟ್ಟಿಲ ಮೇಲೆ ಕೂತು ಪೇಪರ್ ಓದುತ್ತಾ, "ನನ್ನನ್ನೂ ಯಾವತ್ತೋ ಒಂದಿನ ಯಾರಿಗಾದ್ರೂ ಫಿಟ್ ಮಾಡಿ ಬರ್ತಾಳೆ," ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಇಲ್ಲಿಯವರೆಗಿನದು ಊರಿಗೆ ಗೊತ್ತಿರುವ ತಟ್ಟೆಯಕ್ಕನ ಕಥೆ. ಊರಿಗೆ ಗೊತ್ತಿಲ್ಲದ್ದು ಮಧ್ಯಾಹ್ನ ಶುರುವಾಗುತ್ತದೆ.

ವಾರದಲ್ಲಿ ಮೂರು ದಿನ, ಏಣಿಯನ್ನು ಮನೆಯಲ್ಲಿಟ್ಟು, ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಒಂದು ಚೀಲದಲ್ಲಿ ನಾಲ್ಕೈದು ಡಿಸ್ಕು ಹಾಕಿಕೊಂಡು ಅವರು ಹೊರಡುವುದು ದಾನಿಗಳ ನೆರವಿನಲ್ಲಿ ನಡೆಯುವ ಒಂದು ಡಯಾಲಿಸಿಸ್ ಕೇಂದ್ರಕ್ಕೆ. ಉದ್ದನೆಯ ಒಂದೇ ಕೋಣೆ. ಗೋಡೆಗುಂಟ ಒರಗು ಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಆಳೆತ್ತರದ ಒಂದು ಮಷೀನು. ಕೈಯಿಂದ ಹೊರಟ ರಕ್ತ ನಳಿಕೆಯಲ್ಲಿ ಹೋಗಿ, ತೊಳೆದುಕೊಂಡು, ಇನ್ನೊಂದು ನಳಿಕೆಯಲ್ಲಿ ವಾಪಸು ಬರುತ್ತದೆ. ಇದಕ್ಕೆ ನಾಲ್ಕು ಗಂಟೆ ಬೇಕು. ನಾಲ್ಕು ಗಂಟೆಯೂ ಸೂಜಿ ಚುಚ್ಚಿದ ಕೈಯನ್ನು ಅಲುಗಿಸದೆ ಕೂರಬೇಕು.

ಮೂಲೆಯ ಕುರ್ಚಿಯಲ್ಲಿ ಕೂರುವವನು ತಟ್ಟೆಯಕ್ಕನ ಒಬ್ಬನೇ ತಮ್ಮ.

ಒಂದು ಕಾಲಕ್ಕೆ ಕ್ರೇನ್ ಓಡಿಸುತ್ತಿದ್ದವನು. ನೆಲದಿಂದ ಅಷ್ಟೆತ್ತರದ ಪುಟ್ಟ ಕ್ಯಾಬಿನ್ನಿನಲ್ಲಿ ಇಡೀ ದಿನ ಒಬ್ಬನೇ ಇರುತ್ತಿದ್ದ. ಆದರೆ ನೆಲದ ಮೇಲೆ ಒಂದು ಕಡೆ ಕೂತವನೇ ಅಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವನು. ಹರೆಯದಲ್ಲಿ ಅಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸಿನಿಮಾಕ್ಕೆ ಹೋಗುತ್ತಿದ್ದ. ಇನ್ನೇನು ಮುಗಿಯಬೇಕು ಎನ್ನುವಾಗ ಎದ್ದುಬಿಡುತ್ತಿದ್ದ. ಎಲ್ಲರೂ ಒಟ್ಟಿಗೆ ಹೊರಬಂದರೆ ಗೇಟಿನಲ್ಲಿ ನೂಕುನುಗ್ಗಲು, ಸ್ಕೂಟರ್ ತೆಗೆಯಲಾಗುವುದಿಲ್ಲ ಎಂಬುದು ಅವನ ವಾದ.

"ಅವನ ಗಾಡೀಲಿ ಹೋದ ತಪ್ಪಿಗೆ ನಾನೂ ಒಂದೇ ಒಂದು ಸಿನಿಮಾದ ಕೊನೆ ನೋಡಿಲ್ಲ," ಎನ್ನುತ್ತಾರೆ ಅಕ್ಕ. "ಕೇಳಿದ್ರೆ, 'ಕೊನೇಲಿ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತಿರೋದೇ ಅಲ್ವಾ, ಅದನ್ನ ನೋಡೋಕೆ ಬೇರೆ ಕೂರ್ಬೇಕಾ' ಅಂತಿದ್ದ."

ಅದೇ ಚಾಳಿ ಡಯಾಲಿಸಿಸ್ ಕುರ್ಚಿಗೂ ಬಂತು. ಕಿಡ್ನಿ ಕೈಕೊಟ್ಟ ಮೊದಲ ವರ್ಷವೆಲ್ಲ ಅವನು ನಾಲ್ಕನೆಯ ಗಂಟೆ ಪೂರ್ತಿ ಕೂತದ್ದೇ ಅಪರೂಪ. "ಬಿಡಿಸಿ ಸಿಸ್ಟರ್, ಸಾಕು," ಎಂದು ಹಟ ಹಿಡಿದು, ನನ್ನ ಇಷ್ಟದಿಂದ ಹೋಗುತ್ತಿದ್ದೇನೆ ಎಂದು ಸಹಿ ಹಾಕಿ ಎದ್ದು ಬರುತ್ತಿದ್ದ. ಹೊರಗಿನ ಬೆಂಚಿನಲ್ಲಿ ಕಾದ ಅಕ್ಕನಿಗೆ ಪ್ರತಿಸಲವೂ ಹೇಳುತ್ತಿದ್ದದ್ದು ಒಂದೇ ಮಾತು: "ಇನ್ಮೇಲೆ ಬರಲ್ಲ ಕಣಕ್ಕ."

ಆ ಕೋಣೆಯನ್ನು ನೋಡಿಕೊಳ್ಳುವ ಹಿರಿಯ ನರ್ಸನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಾರೆ. ಅವರು ಅಕ್ಕನನ್ನು ಪಕ್ಕಕ್ಕೆ ಕರೆದು ಮುಚ್ಚುಮರೆಯಿಲ್ಲದೆ ಹೇಳಿದ್ದರು. "ಬೇಗ ಎದ್ದಷ್ಟೂ ನೀರು ಮೈಯಲ್ಲೇ ಉಳ್ಕೊಳ್ಳುತ್ತೆ. ಇವತ್ತು ಸ್ವಲ್ಪ, ನಾಳಿದ್ದು ಸ್ವಲ್ಪ. ಒಂದಿನ ಅದು ಶ್ವಾಸಕೋಶಕ್ಕೆ ಏರುತ್ತೆ. ಆಗ ನಮ್ಮ ಕೈಯಲ್ಲಿ ಏನೂ ಇರಲ್ಲ. ಹೇಗಾದ್ರೂ ಮಾಡಿ ಕೂರ್ಸಮ್ಮ."

ಅಕ್ಕ ಬೈದರು, ಅತ್ತರು, ಅಮ್ಮನ ಆಣೆ ಹಾಕಿಸಿದರು. ತಮ್ಮ ಎಲ್ಲದಕ್ಕೂ ಹೂಂಗುಟ್ಟಿ, ಮತ್ತೆ ಎದ್ದು ಬಂದ. ಜಪ್ಪಯ್ಯ ಎಂದರೂ ಕೂರಲಿಲ್ಲ.

ಇಂಥ ಹೊತ್ತಿನಲ್ಲಿ ಕೇಂದ್ರದ ಮ್ಯಾನೇಜರು ಇನ್ನೊಂದು ಸುದ್ದಿ ಹೇಳಿದರು. ಕೋಣೆಯಲ್ಲಿದ್ದ ದೊಡ್ಡ ಟೀವಿಗೆ ತಟ್ಟೆಯ ಸಿನಿಮಾ ಪ್ಯಾಕೇಜಿತ್ತು. ಸಂಸ್ಥೆಗಳಿಗೆ ಅದರ ದರ ಮನೆಗಿಂತ ಎಷ್ಟೋ ಪಾಲು ಹೆಚ್ಚು. ಮೃದು ಸ್ವಭಾವದ ಮನುಷ್ಯ ಕೈ ಹೊಸಕಿಕೊಳ್ಳುತ್ತಲೇ, "ಆ ದುಡ್ಡಿಗೆ ರಕ್ತ ತೊಳೆಯೋ ಫಿಲ್ಟರ್ ಬರುತ್ತೆ. ಟೀವಿ ಆರಿಸಿಬಿಡೋಣ," ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಕತ್ತಲೆ ಟೀವಿಯ ಮುಂದೆ ತಮ್ಮ ಎರಡು ಗಂಟೆಯೂ ಕೂರುವುದಿಲ್ಲ ಎಂದು ಅಕ್ಕನಿಗೆ ಗೊತ್ತಿತ್ತು.

"ಒಂದು ವಾರ ಟೈಮ್ ಕೊಡಿ ಸಾರ್," ಎಂದರು. ಮೊದಲು ಕೇಳಿದ್ದು ಎಂದಿನಂತೆ ರಿಮೋಟನ್ನು.

ಅದು ಪ್ಲಾಸ್ಟಿಕ್ ಕವರಿನೊಳಗೆ, ದಾರ ಕಟ್ಟಿ ಗೋಡೆಯ ಮೊಳೆಗೆ ತೂಗಿತ್ತು. ಅಂಕಿಗಳೆಲ್ಲ ಹೊಚ್ಚಹೊಸ. ಕವರು ತೂತು ಬಿದ್ದದ್ದು ಒಂದೇ ಕಡೆ, ಮುಂದಿನ ಚಾನೆಲ್ಲಿಗೆ ಹೋಗುವ ಗುಂಡಿಯ ಮೇಲೆ. ಅಕ್ಕನಿಗೆ ತಿಳಿದುಹೋಯಿತು. ಇಲ್ಲಿ ಯಾರೂ ಏನನ್ನೂ ನೋಡುತ್ತಿಲ್ಲ, ಬರೀ ಹುಡುಕುತ್ತಿದ್ದಾರೆ. ಏಕೆಂದರೆ ಇವರಿಗೆ ಸೂಜಿ ಚುಚ್ಚುವ ಹೊತ್ತಿಗೆ ಯಾವ ಸಿನಿಮಾವೂ ಶುರುವಾಗುವುದಿಲ್ಲ. ಹಾಕಿದಾಗಲೆಲ್ಲ ನಡುವೆ ಎಲ್ಲೋ ಇರುತ್ತದೆ.

ಅದನ್ನೇ ತಮ್ಮನ ಎದುರು ಸಾಲಿನಲ್ಲಿ ಕೂರುವ ದರ್ಜಿಯಮ್ಮ ತಮ್ಮ ಮಾತಿನಲ್ಲಿ ಹೇಳಿದರು. ಬಟ್ಟೆ ಹೊಲಿದೇ ಮೂರು ಮಕ್ಕಳನ್ನು ಸಾಕಿದ ಗಟ್ಟಿಗಿತ್ತಿ ಅವರು. "ಒಂದು ಸಿನಿಮಾ ಇದೆಯಮ್ಮ, ಅದರ ನಡುವಿನ ತುಂಡು ಅದೆಷ್ಟು ಸಲ ನೋಡಿದೀನೋ. ಒಬ್ಬಳು ಹುಡುಗಿ ಸ್ಟೇಷನ್ನಲ್ಲಿ ಕೂತು ಅಳ್ತಾಳೆ. ಯಾಕೆ ಅಳ್ತಾಳೆ, ಆಮೇಲೆ ಏನಾದ್ಲು, ದೇವರಾಣೆ ಇವತ್ತಿಗೂ ನಂಗೆ ಗೊತ್ತಿಲ್ಲ."

ಮರುದಿನವೇ ಅಕ್ಕ ಕೇಂದ್ರದ ತಟ್ಟೆ ಇಳಿಸಿದರು. ಬೆಳಗಿನ ಕೆಂಪು ದೀಪಕ್ಕೆ ಗುರಿಯಿಟ್ಟು ಏರಿಯಲ್ ನಿಲ್ಲಿಸಿದರು. ತಮ್ಮನ ಮುಂದಿನ ಸರದಿಯ ದಿನ, ಮನೆಯ ರಾಶಿಯಲ್ಲಿ ಒಳ್ಳೆಯದೊಂದು ಪ್ಲೇಯರನ್ನು ಆರಿಸಿ ತಂದು, ಗ್ರಂಥಾಲಯದ ಡಿಸ್ಕು ಹಾಕಿ, ಎಲ್ಲರಿಗೂ ಸೂಜಿ ಚುಚ್ಚಿದ್ದೇ ತಡ, ಮೊದಲ ದೃಶ್ಯದಿಂದ ಸಿನಿಮಾ ಶುರು ಮಾಡಿದರು. ಕೋಣೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಗಾಜಿನ ಬಾಗಿಲಾಚೆ ನಿಂತ ಅಕ್ಕ, ತಮ್ಮ ನಗುವುದನ್ನು ಎಷ್ಟೋ ತಿಂಗಳ ಮೇಲೆ ಕಂಡರು.

ಎಡವಟ್ಟಾದದ್ದು ಆಮೇಲೆ. ಎರಡೂವರೆ ಗಂಟೆಯಲ್ಲಿ ಸಿನಿಮಾ ಮುಗಿಯಿತು. ಸಿನಿಮಾ ಮುಗಿದ ಮೇಲೆ ಜನ ಏನು ಮಾಡುತ್ತಾರೆ? ಏಳುತ್ತಾರೆ. ಕುರ್ಚಿ ಕುರ್ಚಿಯಿಂದಲೂ "ಆಯ್ತಲ್ಲ ಸಿಸ್ಟರ್, ಬಿಡಿಸ್ತೀರಾ?" ಎಂಬ ದನಿ ಎದ್ದಿತು. ಮಿಕ್ಕವರನ್ನು ಸಿಸ್ಟರ್ ಹೇಗೋ ಗದರಿಸಿ ಕೂರಿಸಿದರು. ತಮ್ಮ ಮಾತ್ರ ಸಹಿ ಹಾಕಿ ಹೊರಟೇಬಿಟ್ಟ. ಹಿಂದೆಂದೂ ಅವನು ಅಷ್ಟು ಬೇಗ ಎದ್ದಿರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಅವನಿಗೆ ಮಲಗಲಾಗಲಿಲ್ಲ, ಮಾತಾಡಲಾಗಲಿಲ್ಲ. ಉಸಿರಿಗೆ ಬಾಯಿ ಬಾಯಿ ಬಿಡುತ್ತಿದ್ದವನನ್ನು ಅಕ್ಕ ಭಾವ ಇಬ್ಬರೂ ಹೊತ್ತು ತಂದರು. ಸಿಸ್ಟರ್ ಹೇಳಿದ್ದ ಆ ಒಂದಿನ ಬಂದೇಬಿಟ್ಟಿತ್ತು. ತುರ್ತಾಗಿ ಮಷೀನಿಗೆ ಹಾಕಿದರು. ಜೀವ ಉಳಿಯಿತು.

ಇದನ್ನು ಹೇಳುವಾಗ ತಟ್ಟೆಯಕ್ಕ ಕೈಯಲ್ಲಿರುವ ಸ್ಕ್ರೂಡ್ರೈವರನ್ನು ಸುಮ್ಮನೆ ತಿರುಗಿಸುತ್ತಾ ಇರುತ್ತಾರೆ. "ನನ್ನ ಕೈಯಾರೆ ಅವನನ್ನ ಎಬ್ಬಿಸಿ ಕಳಿಸಿದ ಹಾಗಾಯ್ತು. ಸಿನಿಮಾ ಬೇಗ ಹಾಕಿದ್ರೆ ಬೇಗ ಮುಗಿಯುತ್ತೆ ಅನ್ನೋ ಬುದ್ಧಿ ನಂಗಿರ್ಲಿಲ್ವಲ್ಲ. ಇದೇ ಸ್ಕ್ರೂಡ್ರೈವರ್ ತಗೊಂಡು ಪ್ಲೇಯರ್ ಬಿಚ್ಚೋಕೆ ಹೋದೆ. ಬೇಡವೇ ಬೇಡ ಈ ಉಸಾಬರಿ ಅಂತ."

ತಡೆದವರು ಸಿಸ್ಟರ್. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೊದಿಕೆ ಮಡಿಸುತ್ತಾ ಒಂದು ಮಾತಾಡಿದರು. "ಮೊದಲ ಗಂಟೆ ಯಾರಿಗೂ ಏನೂ ಬೇಡಮ್ಮ, ಅರ್ಧ ಜನ ನಿದ್ದೆ ಮಾಡ್ತಾರೆ. ಕೊನೇ ಗಂಟೆನೇ ಕಷ್ಟ. ಕಾಲು ಸೆಳೆಯುತ್ತೆ, ಚಳಿ ಆಗುತ್ತೆ, ಸುಸ್ತಾಗುತ್ತೆ. ಎದ್ದು ಹೋಗ್ಬೇಕು ಅನ್ಸೋದು ಆಗಲೇ."

ಅಕ್ಕ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದರು.

ಅವತ್ತಿನಿಂದ ಈ ಕೋಣೆಯಲ್ಲಿ ಸಿನಿಮಾ ತಡವಾಗಿ ಶುರುವಾಗುತ್ತದೆ. ಮೊದಲು ಏರಿಯಲ್ಲಿನ ಬಿಟ್ಟಿ ಚಾನೆಲ್ಲು: ವಾರ್ತೆ, ಹಾಡು, ಯಾರಿಗೂ ಬೇಡದ ಅಡುಗೆ ಕಾರ್ಯಕ್ರಮ. ಡಿಸ್ಕಿನ ಡಬ್ಬದ ಮೇಲೆ ಅಚ್ಚಾಗಿರುವ ಅವಧಿ ನೋಡಿ, ಮಷೀನು ಮುಗಿಯುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ, ಸರಿಯಾದ ಗಳಿಗೆಗೆ ಅಕ್ಕ ಗುಂಡಿ ಒತ್ತುತ್ತಾರೆ. ಕಾಲು ಸೆಳೆಯುವ ಹೊತ್ತಿಗೆ ಕಥೆಯ ಗಂಟು ಬಿಗಿಯಾಗಿರಬೇಕು. ಕೊನೆಯ ದೃಶ್ಯವೂ, ಮುಗಿಯಿತೆಂದು ಮಷೀನು ಹಾಕುವ ಕೂಗೂ ಒಟ್ಟಿಗೇ ಬರಬೇಕು. ಬೇರೆಯವರು ಚಿಕ್ಕ ಸಿನಿಮಾ ಹುಡುಕಿದರೆ ಇವರು ಗ್ರಂಥಾಲಯದಲ್ಲಿ "ಉದ್ದದ್ದು ಕೊಡಿ, ಎಷ್ಟು ಉದ್ದ ಆದ್ರೂ ಪರವಾಗಿಲ್ಲ" ಎಂದು ದುಂಬಾಲು ಬೀಳುತ್ತಾರೆ.

ಪ್ರತಿ ಡಿಸ್ಕನ್ನೂ ಮೊದಲು ಮನೆಯಲ್ಲಿ ಹಾಕಿ ನೋಡುತ್ತಾರೆ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ ತಾನೆ ಎಂದು. ಆದರೆ ಕೊನೆಯ ಭಾಗ ಬಂದಾಗ ಟೀವಿಗೆ ಬೆನ್ನು ಹಾಕಿ, ಶಬ್ದ ಅಡಗಿಸಿ, ಓಡುತ್ತಿದೆಯೋ ಇಲ್ಲವೋ ಎಂದು ಗಂಡನನ್ನು ಕೇಳುತ್ತಾರೆ. "ಕೊನೆ ನಂಗೆ ಗೊತ್ತಿರಬಾರದು. ಗೊತ್ತಿದ್ರೆ ತಮ್ಮ ನನ್ನ ಮುಖ ನೋಡಿ ಹೇಳಿಬಿಡ್ತಾನೆ. ಚಿಕ್ಕವನಿದ್ದಾಗಿಂದ ಅವನ ಹತ್ರ ಒಂದು ಗುಟ್ಟೂ ಉಳಿಸಿಕೊಳ್ಳೋಕಾಗಿಲ್ಲ ನಂಗೆ." ಹಾಗಾಗಿ ಸಿನಿಮಾಗಳ ಕೊನೆಗಳೆಲ್ಲ ಸದ್ಯಕ್ಕೆ ಗೊತ್ತಿರುವುದು ಅವರ ಗಂಡನಿಗೆ ಮಾತ್ರ. ಅವರೂ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ.

ಹೊಸ ಕ್ರಮದ ಮೊದಲ ದಿನವೇ ಪರೀಕ್ಷೆ ಎದುರಾಯಿತು. ಕೊನೆಯ ಗಂಟೆ ನಡೆದಿತ್ತು. ಪರದೆಯ ಮೇಲೆ ಒಂದು ಮನೆಯ ಬಾಗಿಲು ತೆರೆಯುವುದರಲ್ಲಿತ್ತು, ಒಳಗೆ ಯಾರಿದ್ದಾರೆ ಎಂದು ಕೋಣೆಯೆಲ್ಲ ಕಣ್ಣು ಬಿಟ್ಟು ಕಾಯುತ್ತಿತ್ತು. ಹಳೆಯ ಚಾಳಿಯಂತೆ ತಮ್ಮ, "ಸಿಸ್ಟರ್, ಬಿಡಿಸಿ," ಎಂದ. ಅವನ ಕುರ್ಚಿ ಟೀವಿಯ ಬುಡದಲ್ಲೇ ಇದೆ. ಸೂಜಿ ತೆಗೆಯಲು ಸಿಸ್ಟರ್ ಬಂದು ನಿಂತರೆ ಪರದೆ ಎಲ್ಲರಿಗೂ ಅಡ್ಡ.

"ಏಯ್, ಸುಮ್ನೆ ಕೂತ್ಕೊಳ್ಳಯ್ಯ!" ಎಂದು ಗುಡುಗಿದ್ದು ದರ್ಜಿಯಮ್ಮ. "ಇಷ್ಟು ವರ್ಷಕ್ಕೆ ಈಗ ಸಿನಿಮಾನ ಮೊದಲಿಂದ ನೋಡೋ ಹಾಗಾಗಿದೆ. ಈಗ ಅಡ್ಡ ಬಂದ್ರೆ ಈ ನಳಿಕೆ ಸಮೇತ ಎದ್ದು ಬರ್ತೀನಿ ನೋಡು!"

ಕೋಣೆ ಗೊಳ್ಳೆಂದಿತು. ತಮ್ಮ ಪೆಚ್ಚಾಗಿ ಹಿಂದಕ್ಕೆ ಒರಗಿದ. ಬಾಗಿಲು ತೆರೆಯಿತು. ಒಳಗಿದ್ದವರನ್ನು ಕಂಡು ಅವನ ಬಾಯಿ ತೆರೆದದ್ದು ಮಷೀನು ಕೂಗುವವರೆಗೆ ಮುಚ್ಚಲಿಲ್ಲ. ನಾಲ್ಕು ಗಂಟೆ ಪೂರ್ತಿ. ಹೊರಬಂದವನು "ಇನ್ಮೇಲೆ ಬರಲ್ಲ" ಎನ್ನಲು ಮರೆತ. ಅದರ ಬದಲು ದಾರಿಯುದ್ದಕ್ಕೂ ಬೆರಗಿನಿಂದ ಕೇಳಿದ, "ಅಕ್ಕಾ, ಕೊನೇಲಿ ಇಷ್ಟೆಲ್ಲಾ ಇರುತ್ತಾ?"

ಈಗ ಅದೆಲ್ಲ ಆಗಿ ವರ್ಷ ಕಳೆದಿದೆ. ನಡುವೆ ಉದಾರಿಗಳೊಬ್ಬರು, ಪಾಪ ಒಳ್ಳೆಯ ಮನಸ್ಸಿನಿಂದಲೇ, ತಟ್ಟೆಯ ಖರ್ಚನ್ನು ನಾನು ಕೊಡುತ್ತೇನೆ, ಎಲ್ಲ ಸಿನಿಮಾ ಚಾನೆಲ್ಲೂ ಮತ್ತೆ ಹಾಕಿಸಿ ಎಂದು ಮುಂದೆ ಬಂದಿದ್ದರು. ಮ್ಯಾನೇಜರು ಕುರ್ಚಿ ಕುರ್ಚಿಗೂ ಹೋಗಿ ಕೇಳಿದರು. ಒಬ್ಬರೂ ಒಪ್ಪಲಿಲ್ಲ. ದರ್ಜಿಯಮ್ಮ ಕೊಟ್ಟ ಕಾರಣವನ್ನು ಸಿಸ್ಟರ್ ಇಂದಿಗೂ ಹೇಳಿ ನಗುತ್ತಾರೆ: "ಆ ಸಿನಿಮಾಗಳು ನಮಗೋಸ್ಕರ ಕಾಯಲ್ಲ ಸಾರ್. ಇವು ಕಾಯ್ತವೆ." ಉದಾರಿಗಳ ಹಣದಲ್ಲಿ ಹೊಸ ಹೊದಿಕೆಗಳು ಬಂದವು.

ಇವತ್ತಿನ ಮಧ್ಯಾಹ್ನವೂ ಹಾಗೆಯೇ ಸಾಗುತ್ತಿದೆ. ಬೆಳಿಗ್ಗೆ ತಾರಸಿಯಲ್ಲಿ ಕಂಡ ಅದೇ ಬಿಗಿಹಿಡಿದ ಉಸಿರು ಈಗ ತಟ್ಟೆಯಕ್ಕನ ಮುಖದಲ್ಲಿದೆ. ಮಷೀನುಗಳ ಗುಂಯ್‌ಗುಡುವಿಕೆಯ ನಡುವೆ, ಬಾಗಿಲ ಹತ್ತಿರದ ಸ್ಟೂಲಿನಲ್ಲಿ, ಗಡಿಯಾರದ ಮೇಲೊಂದು ಕಣ್ಣಿಟ್ಟು ಕೂತಿದ್ದಾರೆ. ಅಡುಗೆ ಕಾರ್ಯಕ್ರಮ ಮುಗಿಯುತ್ತದೆ. ಅವರು ಎದ್ದು ಗುಂಡಿ ಒತ್ತುತ್ತಾರೆ. ನಿದ್ದೆಯಲ್ಲಿದ್ದವರು ಒಬ್ಬೊಬ್ಬರೇ ಕಣ್ಣು ಬಿಡುತ್ತಾರೆ, ಹೊದಿಕೆ ಸರಿಮಾಡಿಕೊಳ್ಳುತ್ತಾರೆ, ಬಿಡುವಾಗಿರುವ ಒಂದು ಕೈಯಿಂದ ಕನ್ನಡಕ ಏರಿಸಿಕೊಳ್ಳುತ್ತಾರೆ. ದೊಡ್ಡ ದೊಡ್ಡ ಟಾಕೀಸುಗಳಲ್ಲೂ ಕಾಣಲಾಗದ ಏಕಾಗ್ರತೆ ಈ ಸಣ್ಣ ಕೋಣೆಯಲ್ಲಿ ಕವಿಯುತ್ತದೆ. ಏಣಿ, ಸ್ಪ್ಯಾನರು, ಯಾರದೋ ಅಟ್ಟದ ಹಳೆಯ ಪೆಟ್ಟಿಗೆ: ಇಷ್ಟರಿಂದ ಈ ಹೆಂಗಸು ಇಷ್ಟು ಜನರನ್ನು ಬದುಕಿನ ಕಡೆಗೆ ಮುಖ ಮಾಡಿ ಕೂರಿಸಿದ್ದಾರೆ.

ಕೊನೆಯ ಗಂಟೆ. ತಮ್ಮನ ಕಾಲು ಸೆಳೆಯಲು ಶುರುವಾಗಿದೆ. ಹಲ್ಲು ಕಚ್ಚಿದ್ದು ಕಾಣುತ್ತದೆ. ಸಿಸ್ಟರ್ ಬಂದು ಪಾದವನ್ನು ಒತ್ತಿ ಹಿಡಿಯುತ್ತಾರೆ. ಅವನ ಕಣ್ಣು ಪರದೆಯಿಂದ ಕದಲುವುದಿಲ್ಲ. "ಸ್ವಲ್ಪ ಆ ಕಡೆ ಸಿಸ್ಟರ್," ಎನ್ನುತ್ತಾನೆ. ತಟ್ಟೆಯಕ್ಕ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು, ಒಮ್ಮೆ ಪರದೆಯನ್ನು, ಒಮ್ಮೆ ತಮ್ಮನನ್ನು ನೋಡುತ್ತಾರೆ. ಅವರಿಗೂ ಈ ಕಥೆಯ ಕೊನೆ ಗೊತ್ತಿಲ್ಲ.

ಕೊನೆ ಬರುತ್ತದೆ. ದರ್ಜಿಯಮ್ಮ ಕಣ್ಣೊರೆಸಿಕೊಳ್ಳುತ್ತಾರೆ. ಮಷೀನುಗಳು ಒಂದರ ಹಿಂದೊಂದು ಕೂಗುತ್ತವೆ. ಸೂಜಿ ತೆಗೆದ ಮೇಲೂ ತಮ್ಮ ಏಳುವುದಿಲ್ಲ. ಹತ್ತಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಪರದೆಯ ಮೇಲೆ ಸರಿಯುವ ಹೆಸರುಗಳನ್ನು, ದೀಪ ಹಿಡಿದವರು, ಬಟ್ಟೆ ಹೊಲಿದವರು, ಊಟ ತಂದವರು, ಎಲ್ಲರನ್ನೂ ಓದಿ ಮುಗಿಸುತ್ತಾನೆ.

ನಿಮ್ಮ ಆಸೆ ಏನು ಎಂದು ಕೇಳಿದರೆ ತಟ್ಟೆಯಕ್ಕ ಡಿಸ್ಕನ್ನು ಡಬ್ಬಕ್ಕೆ ಹಾಕುತ್ತಾ ನಗುತ್ತಾರೆ. "ಇನ್ನೇನ್ ಆಸೆ? ಗ್ರಂಥಾಲಯದಲ್ಲಿ ಇನ್ನೊಂದು ಬೀರು ತುಂಬ ಉದ್ದದ ಸಿನಿಮಾ ಇದ್ರೆ ಸಾಕು."

ಆಸೆ ಅಷ್ಟೇ ಎಂದು ಅವರು ಹೇಳುತ್ತಿರುವಾಗಲೇ ತಮ್ಮ ಚಪ್ಪಲಿ ಮೆಟ್ಟಿ ಬಾಗಿಲಿಗೆ ಬರುತ್ತಾನೆ. ಅಕ್ಕನ ಕೈಯ ಚೀಲದೊಳಗೆ ಇಣುಕಲು ನೋಡುತ್ತಾನೆ. ಅವರು ಚೀಲವನ್ನು ಬೆನ್ನ ಹಿಂದೆ ಮರೆಮಾಡುತ್ತಾರೆ.

"ಅಕ್ಕಾ, ಮುಂದಿನ ಸಲ ಯಾವ್ದು ಹಾಕ್ತೀಯ?"

"ಬಾ," ಎನ್ನುತ್ತಾರೆ ತಟ್ಟೆಯಕ್ಕ. "ಬಂದ್ರೆ ಗೊತ್ತಾಗುತ್ತೆ."